ಕೊಲಂಬೊ ಮನೆಯ ಮುಂಬಾಗಿಲಿಗೆ ಹಾಕಿದ ರಂಗೋಲಿ

ಬೇಗೂರು

ಲಂಕೆಗೆ ಹೋಗಿ ಬಂದೆ ಎಂದರೆ ನಮ್ಮೂರಿನವರು ಮೊದಲು ಕೇಳುವುದು ಸಮುದ್ರದ ಮೇಲಿನ ಸೇತುವೆ ಕಂಡಿತೇ ಎಂದು. ಕಾಣಲಿಲ್ಲ. ಕಿಟಕಿ ಪಕ್ಕವೇ ಕೂರಿಸಿದ್ದರು, ಕೆಳಗೆ ಬರೀ ಮೋಡ. ಎರಡನೆಯದಾಗಿ ಕೇಳುವುದು ಅಲ್ಲಿಂದ ಏನು ತಂದೆ ಎಂದು. ಅದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗ ಮಾದೇಶ ಸೈನ್ಯದಲ್ಲಿದ್ದ. ನಮ್ಮ ದೇಶದವರು ಶಾಂತಿ ಕಾಯಲು ಲಂಕೆಗೆ ಸೈನ್ಯ ಕಳಿಸಿದ್ದರಲ್ಲ, ಅದರಲ್ಲಿ ಅವನೂ ಹೋದ. ಕುಡಿಕೆಯಲ್ಲಿ ಬೂದಿಯಾಗಿ ಬಂದ. ನಮ್ಮವರು ಹೆಣ ಸುಡುವವರಲ್ಲ, ಮಣ್ಣು ಮಾಡುವವರು. ಕುಡಿಕೆಯನ್ನೇ ಹೊಲದಲ್ಲಿ ಕೂರಿಸಿ ಮಣ್ಣು ಮುಚ್ಚಿದೆವು. ಅವನ ಮಗಳು ಮಂಗಳಾ ನನ್ನ ಹತ್ತಿರ ಬೆಳೆದಳು. ಅವಳು ಮೈಸೂರಿನಲ್ಲಿ ಚಿತ್ರಕಲೆ ಓದುವಾಗ ನೀಲಾಂತಿ ಎಂಬ ಲಂಕೆಯ ಹುಡುಗಿ ಅವಳ ಜೊತೆ ಓದುತ್ತಿದ್ದಳು. ಸಿಂಹಳದವಳು, ನಾಲ್ಕು ವರ್ಷದಲ್ಲಿ ಕನ್ನಡ ಚೆನ್ನಾಗಿಯೇ ಕಲಿತಿದ್ದಳು. ರಜಕ್ಕೆ ನಮ್ಮ ಮನೆಗೆ ಬಂದರೆ ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕುವಾಗ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದಳು.

ಓದು ಮುಗಿಸಿ ಊರಿಗೆ ಹೋದವಳು ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಬೇಗೂರಿನಲ್ಲಿ ಬಸ್ಸಿಳಿದಳು. ಮದ್ರಾಸಿನಲ್ಲಿ ಫಿಲಂ ತೊಳೆಸಲು ಬಂದಿದ್ದಳಂತೆ. ಅವಳು ಮಾಡುವುದು ಚಿತ್ರ ನಡೆಸುವ ಕೆಲಸ. ಒಂದು ಮಣ್ಣಿನ ಬೊಂಬೆಯನ್ನು ಕೂದಲಿನಷ್ಟು ಸರಿಸಿ ಒಂದು ಫೋಟೊ, ಇನ್ನೊಂದು ಕೂದಲು ಸರಿಸಿ ಇನ್ನೊಂದು ಫೋಟೊ. ಎಲ್ಲವನ್ನೂ ಸಾಲಾಗಿ ಓಡಿಸಿದರೆ ಬೊಂಬೆ ನಡೆಯುತ್ತದೆ. ಮೂರು ನಾಲ್ಕು ನಿಮಿಷದ ಸಿನಿಮಾ. ಎಲ್ಲದರಲ್ಲೂ ಹೇಳುವುದು ಒಂದೇ, ಯುದ್ಧ ಸಾಕು ಎಂದು. ಅದನ್ನು ಅವರ ದೇಶದಲ್ಲಿ ಟಾಕೀಸಿನಲ್ಲಿ ಹಾಕುವಂತಿರಲಿಲ್ಲ. ಕದ್ದು ತೋರಿಸುತ್ತಿದ್ದರು.

ಈಗ ರಂಗೋಲಿಯಲ್ಲಿ ಒಂದು ಮಾಡಬೇಕು, ನೀವು ಬರಬೇಕು ಅಂದಳು.

"ಯಾಕವ್ವ, ನಿಮ್ಮ ದೇಸದಲ್ ರಂಗೋಲಿ ಆಕೋರೇ ಇಲ್ವಾ?"

"ತಮಿಳರು ಹಾಕ್ತಾರೆ ಅಜ್ಜಿ. ಅವರನ್ನ ಕರೆದರೆ ಅವರಿಗೇ ಅಪಾಯ. ನಾನು ಹಾಕಿದರೆ ಎಳೆ ನಡುಗುತ್ತೆ."

ಮಂಗಳಾ ಅಡ್ಡ ಬಂದಳು. "ಓಗ್ಬ್ಯಾಡ ಕಣಜ್ಜಿ. ಅಲ್ಲಿ ಬಸ್ಸಿಗೇ ಬಾಂಬ್ ಇಕ್ತಾವ್ರೆ."

"ನಿಮ್ಮಪ್ಪುನ್ನ ಸುಟ್ಟ ಜಾಗ ಎಂಗದೆ ಅಂತ ನೋಡ್ಕ ಬತ್ತೀನಿ ಬುಡಮ್ಮಿ" ಎಂದೆ.

ಪಾಸ್‌ಪೋರ್ಟಿಗೆ ವಿಚಾರಿಸಲು ಗುಂಡ್ಲುಪೇಟೆಯಿಂದ ಪೊಲೀಸಿನವನು ಬಂದ. ಯಾತಕ್ಕೆ ಹೋಗುತ್ತೀ ಎಂದ. ರಂಗೋಲಿ ಹಾಕೋಕೆ ಎಂದೆ. ಅವನು ನಕ್ಕು, ಕಾಫಿ ಕುಡಿದು, ದೇವರ ದರ್ಶನಕ್ಕೆ ಎಂದು ಬರೆದುಕೊಂಡು ಹೋದ.

ವಿಮಾನ ಇಳಿದ ಜಾಗ

ನನ್ನ ಚೀಲದಲ್ಲಿ ಇದ್ದದ್ದು ಮೂರು ಸೀರೆ, ರಾಗಿ ಹಿಟ್ಟು, ಎಲೆಯಡಿಕೆ, ಒಂದು ದೊಡ್ಡ ತಗಡಿನ ಡಬ್ಬದ ತುಂಬ ರಂಗೋಲಿ ಪುಡಿ. ಕೊಲಂಬೊದಲ್ಲಿ ಇಳಿದ ಕೂಡಲೇ ಡಬ್ಬ ಬಿಚ್ಚಿಸಿದರು. ಬಿಳಿ ಪುಡಿ ನೋಡಿ ಒಬ್ಬ ಬೆರಳದ್ದಿ ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ನೀಲಾಂತಿ ಅವರ ಭಾಷೆಯಲ್ಲಿ ಏನೇನೋ ಹೇಳಿದಳು, ನಂಬಲಿಲ್ಲ. ಮೂರನೆಯವನು ಬಂದಾಗ ನನಗೆ ರೇಗಿತು. ಡಬ್ಬ ಕಿತ್ತುಕೊಂಡು ಅಲ್ಲೇ ನೆಲದ ಮೇಲೆ ಕೂತು ಒಂದು ಸುತ್ತು ರಂಗೋಲಿ ಹಾಕಿಬಿಟ್ಟೆ. ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದು ಬಂದವಳು ನಾನು ಮುಗಿಸುವವರೆಗೆ ನಿಂತಿದ್ದು, ಆಮೇಲೆ ಅದನ್ನು ಬಿಟ್ಟು ಸುತ್ತಲೂ ಗುಡಿಸಿದಳು. ಬಂದೂಕಿನವನೊಬ್ಬ ದಾಟುವಾಗ ಬೂಟು ಎತ್ತಿ ಆಚೆಗಿಟ್ಟ. ಹಣೆಗೆ ವಿಭೂತಿ ಇಟ್ಟ ಒಂದು ಸಂಸಾರ ಮಾತ್ರ ರಂಗೋಲಿ ನೋಡಿದ್ದೇ ತಡ, ನನ್ನ ಪರಿಚಯ ಎಲ್ಲಿ ಹತ್ತಿಬಿಡುತ್ತದೋ ಎಂಬಂತೆ ಮುಖ ತಿರುಗಿಸಿ ಬೇಗ ಬೇಗ ಹೋಯಿತು.

ಡಬ್ಬ ವಾಪಸು ಕೊಟ್ಟರು. ಆಚೆಗೆ ಬಂದ ಮೇಲೆ ನೀಲಾಂತಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಜ್ಜಿ, ಇನ್ನು ಮೇಲೆ ಹೊರಗೆ ಎಲ್ಲೂ ಹಾಕಬೇಡಿ. ರಂಗೋಲಿ ನೋಡಿದರೆ ತಮಿಳರು ಅಂತ ಗುರುತು ಹಿಡೀತಾರೆ."

ಆಯ್ತು ಎಂದೆ.

ಹಿಂಬಾಗಿಲ ಮನೆ

ಊರೊಳಕ್ಕೆ ಹೋಗುವಷ್ಟರಲ್ಲಿ ಐದು ಕಡೆ ನಿಲ್ಲಿಸಿದರು. ಬಂಡೀಪುರದ ಗೇಟಿನಲ್ಲಿ ಲಾರಿ ನಿಲ್ಲಿಸಿ ಮರ ಹುಡುಕುವ ಹಾಗೆ ಇಲ್ಲಿ ಮನುಷ್ಯರನ್ನು ಇಳಿಸಿ ಹುಡುಕುತ್ತಾರೆ. ಒಂದು ಕಡೆ ಸಿಪಾಯಿ ಏನೋ ಕೇಳಿದ, ನಾನು ತಮಿಳಿನಲ್ಲಿ ಉತ್ತರ ಕೊಟ್ಟುಬಿಟ್ಟೆ. ಚಾಮರಾಜನಗರದ ನನ್ನ ತವರು ಬೀದಿಯಲ್ಲಿ ಅರ್ಧ ಜನ ತಮಿಳಿನವರು, ಪರಭಾಷೆ ಎಂದರೆ ನನ್ನ ಬಾಯಿಗೆ ಬರುವುದು ಅದೇ. ಅವನ ಮುಖ ಬಿಗಿಯಿತು. ಪಾಸ್‌ಪೋರ್ಟನ್ನು ಹಾಳೆ ಹಾಳೆ ತಿರುವಿದ. ಅಲ್ಲಿಂದಾಚೆಗೆ ನೀಲಾಂತಿ ನನ್ನ ಬಾಯಿಗೆ ಎಲೆಯಡಿಕೆ ಹಾಕಿ ಕೂರಿಸಿದಳು.

ಮನೆ ಅವಳ ದೊಡ್ಡಮ್ಮನದು. ದೊಡ್ಡಮ್ಮ ಬೇರೆ ದೇಶದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಬೀದಿಯವರಿಗೆ ಅದು ಬೀಗ ಹಾಕಿದ ಮನೆ, ನೀಲಾಂತಿ ಆಗಾಗ ಬಂದು ಧೂಳು ಹೊಡೆದು ಹೋಗುತ್ತಾಳೆ ಅಷ್ಟೆ. ನಾವು ಹಿಂಬಾಗಿಲಿನಿಂದ ಓಡಾಡಬೇಕು. ಮುಂಬಾಗಿಲು ತೆಗೆಯಲೇಬಾರದು.

ಯಾಕೆ ಎಂದು ಒಳಗೆ ಹೋದ ಮೇಲೆ ತಿಳಿಯಿತು. ಅವಳ ತಮ್ಮ ಸುನಿಲ ಅಲ್ಲಿದ್ದ. ಇಪ್ಪತ್ತನಾಲ್ಕರ ಹುಡುಗ, ಸಣಕಲ. ಸೈನ್ಯಕ್ಕೆ ಸೇರಿ ಉತ್ತರದ ಕಡೆ ಎರಡು ವರ್ಷ ಇದ್ದು, ರಜಕ್ಕೆ ಬಂದವನು ವಾಪಸು ಹೋಗಿರಲಿಲ್ಲ. ಹಿಡಿದರೆ ಜೈಲು, ಇಲ್ಲವೇ ಮತ್ತೆ ಅಲ್ಲಿಗೇ. ಏಳು ತಿಂಗಳಿಂದ ಬೀದಿ ನೋಡಿರಲಿಲ್ಲ. ಕೆಮ್ಮು ಬಂದರೆ ದಿಂಬಿಗೆ ಬಾಯಿಟ್ಟು ಕೆಮ್ಮುತ್ತಿದ್ದ.

ಉತ್ತರದಲ್ಲಿದ್ದಾಗ ಅವನು ಸ್ವಲ್ಪ ತಮಿಳು ಕಲಿತಿದ್ದ. ಅವನದೂ ಹರಕು, ನನ್ನದೂ ಹರಕು, ಇಬ್ಬರದೂ ಸೇರಿ ಒಂದು ಮಾತಾಗುತ್ತಿತ್ತು. ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲ ದಿನ ಮುದ್ದೆ ಮಾಡಿ ಹಾಕಿದೆ. ಅವನು ದನ ಮೆಲುಕು ಹಾಕಿದಂತೆ ಅಗಿಯುತ್ತ ಕೂತ.

"ಅಗೀಬ್ಯಾಡ ಕಣಪ್ಪ, ನುಂಗು."

"ಗಂಟಲಲ್ಲಿ ನಿಂತರೆ?"

"ನಿಂತ್ರೆ ಸಾರ್ ಕುಡಿ. ನಮ್ಮೂರಲ್ಲಿ ಯಾರೂ ಸತ್ತಿಲ್ಲ."

ನುಂಗಿದ. ಕಣ್ಣಲ್ಲಿ ನೀರು ಬಂತು. "ಸೈನ್ಯವೇ ವಾಸಿ ಅಮ್ಮಾ" ಎಂದ. ಅವರ ಊಟವೇನು ಮಹಾ ಅಲ್ಲ. ಮೂರು ಹೊತ್ತೂ ಅನ್ನ, ಅದರ ಮೇಲೆ ತೆಂಗಿನಕಾಯಿ ಖಾರ. ಟೀಗೆ ಸಕ್ಕರೆ ಹಾಕುವುದಿಲ್ಲ, ಅಂಗೈಯಲ್ಲಿ ಬೆಲ್ಲ ಇಟ್ಟುಕೊಂಡು ಒಂದು ಗುಟುಕಿಗೆ ಒಂದು ಸಲ ನೆಕ್ಕುತ್ತಾರೆ. ಅದು ಮಾತ್ರ ನನಗೆ ಹಿಡಿಸಿತು.

ಕೆಲಸ ಹೀಗೆ. ಮೇಜಿನ ಮೇಲೆ ಕಪ್ಪು ಹಲಗೆ. ಮೇಲೆ ಸ್ಟೂಲಿಗೆ ಕಟ್ಟಿದ ಕ್ಯಾಮೆರಾ, ಮೂತಿ ಕೆಳಕ್ಕೆ. ಎರಡು ಕಡೆ ಬಲ್ಬು. ನಾನು ಒಂದು ಚಿಟಿಕೆ ಪುಡಿ ಬಿಟ್ಟು ಕೈ ತೆಗೆಯಬೇಕು, ಸುನಿಲ ಗುಂಡಿ ಒತ್ತುತ್ತಾನೆ. ಮತ್ತೆ ಒಂದು ಚಿಟಿಕೆ, ಮತ್ತೆ ಗುಂಡಿ. ಹನ್ನೆರಡು ಸಲ ಒತ್ತಿದರೆ ಒಂದು ಸೆಕೆಂಡು. ಬೆಳಿಗ್ಗೆಯಿಂದ ಸಂಜೆವರೆಗೆ ನಡು ಮುರಿದು ಕೂತರೆ ಸಿನಿಮಾದಲ್ಲಿ ಆಕಳಿಸುವಷ್ಟು ಹೊತ್ತು. ಪುಡಿ ಹಾರುತ್ತದೆ ಎಂದು ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ಒಂದು ದಿನ ನನ್ನ ಮೂಗಿನ ತುದಿಯ ಬೆವರು ಹಲಗೆಗೆ ಬಿದ್ದು ಅರ್ಧ ದಿನದ ಕೆಲಸ ಹಾಳಾಯಿತು. ಮಾರನೆಯ ದಿನ ಸುನಿಲ ಸೀನಿದ. "ನಿನ್ನೆ ನಿಮ್ಮದು, ಇವತ್ತು ನನ್ನದು ಡೈರೆಕ್ಟರಮ್ಮಾ" ಎಂದ.

ಕಥೆ ಇಷ್ಟೆ. ನಡುವೆ ಒಂದು ಚುಕ್ಕಿ, ತಾಯಿ. ಸುತ್ತ ಆರು ಚುಕ್ಕಿ, ಮಕ್ಕಳು. ಎಳೆ ಒಂದೊಂದು ಚುಕ್ಕಿಯನ್ನೂ ಸುತ್ತಿಕೊಂಡು ಹೊರಟಲ್ಲಿಗೇ ಬಂದು ಕೂಡುತ್ತದೆ. ಮಾರನೆಯ ಬೆಳಿಗ್ಗೆ ಒಂದು ಚುಕ್ಕಿ ಇಲ್ಲ. ಅದರಾಚೆ ದಿನ ಇನ್ನೊಂದಿಲ್ಲ. ಇಷ್ಟನ್ನು ನೀಲಾಂತಿ ಬರೆದಿದ್ದಳು. ಚುಕ್ಕಿ ಹೋದ ಕಡೆ ಎಳೆ ನೆಟ್ಟಗೆ ಹೋಗುತ್ತದೆ ಎಂದು ಅವಳು ಅಂದುಕೊಂಡಿದ್ದಳು.

"ಎಂಗವ್ವ ಓದದು? ಸುತ್ತಾಕೆ ಚುಕ್ಕಿ ಇಲ್ದಿದ್ರೆ ಎಳೆ ಅಲ್ಲೇ ನಿಂತ್ಕತದೆ. ನೆಟ್ಟಗೆ ಓದ್ರೆ ಅದು ಗೀಟು, ರಂಗೋಲಿ ಅಲ್ಲ" ಎಂದೆ.

ನೀಲಾಂತಿ ಅದನ್ನು ತಮ್ಮನಿಗೆ ಅವರ ಭಾಷೆಯಲ್ಲಿ ಹೇಳಿದಳು. ಹಾಗೇ ಮಾಡಿದೆವು. ಎಳೆ ಬರುತ್ತದೆ, ಇಲ್ಲದ ಚುಕ್ಕಿಯ ಜಾಗದಲ್ಲಿ ನಿಲ್ಲುತ್ತದೆ.

ಬೇಕರಿ

ಒಂದು ಮಧ್ಯಾಹ್ನ ನೀಲಾಂತಿ ನನ್ನನ್ನು ಅವಳ ಹಿಂದಿನ ಸಿನಿಮಾ ತೋರಿಸುವ ಕಡೆ ಕರೆದುಕೊಂಡು ಹೋದಳು. ಒಂದು ಬೇಕರಿಯ ಹಿಂದಿನ ಕೋಣೆ, ಮೈದಾ ಮೂಟೆಗಳ ನಡುವೆ ಬೆಂಚು, ಗೋಡೆಗೆ ಬೆಡ್‌ಶೀಟು. ಪ್ರೊಜೆಕ್ಟರು ಗರಗರ ಎನ್ನುವುದು ಹೊರಗೆ ಕೇಳಬಾರದೆಂದು ಪಕ್ಕದಲ್ಲಿ ಹಿಟ್ಟು ಕಲೆಸುವ ಮಿಷನ್ ಓಡಿಸಿದರು. ಹದಿಮೂರು ಜನ ಇದ್ದರು. ತಮಿಳರೂ ಇದ್ದರು, ಸಿಂಹಳದವರೂ ಇದ್ದರು, ಯಾರೂ ಯಾರ ಹೆಸರನ್ನೂ ಕೇಳಲಿಲ್ಲ.

ಸಿನಿಮಾದಲ್ಲಿ ಮಣ್ಣಿನ ಬೂಟುಗಳು ಗದ್ದೆಯನ್ನು ಮೇಯುತ್ತಿದ್ದವು. ಕಾಲಿಲ್ಲ, ಮನುಷ್ಯನಿಲ್ಲ, ಬರೀ ಬೂಟು. ಪೈರು ಮುಗಿದ ಮೇಲೆ ಒಂದನ್ನೊಂದು ತಿನ್ನತೊಡಗಿದವು. ಪಿಚ್ಚರ್ ಎಂದರೆ ಗುಂಡ್ಲುಪೇಟೆ ಟಾಕೀಸಿನಲ್ಲಿ ಸಿಳ್ಳೆ ಹಾಕುವುದನ್ನು ನೋಡಿದವಳು ನಾನು. ಇಲ್ಲಿ ಉಸಿರೂ ಕೇಳಲಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು, ಮುಂದಿನ ಅಂಗಡಿಯಲ್ಲಿ ಒಂದೊಂದು ಬ್ರೆಡ್ಡು ತೆಗೆದುಕೊಂಡು, ಬ್ರೆಡ್ಡಿಗೇ ಬಂದವರ ಹಾಗೆ ಹೋದರು.

"ಇದ್ ನೋಡ್ಬುಟ್ರೆ ಯುದ್ಧ ನಿಂತದಾ?" ಎಂದು ದಾರಿಯಲ್ಲಿ ಕೇಳಿದೆ.

"ಇಲ್ಲ ಅಜ್ಜಿ."

"ಮತ್ಯಾಕೆ?"

"ಸುಮ್ಮನಿದ್ದರೆ ಒಪ್ಪಿದ ಹಾಗೆ ಆಗುತ್ತಲ್ಲ." ಸ್ವಲ್ಪ ದೂರ ನಡೆದು ಹೇಳಿದಳು, "ಹದಿಮೂರು ಜನ ಒಪ್ಪಿಲ್ಲ ಅಂತ ಆ ಹದಿಮೂರು ಜನಕ್ಕೆ ಗೊತ್ತಾಯ್ತು. ಅಷ್ಟೇ."

ಬಿಳಿ ಬಾವುಟ

ಬೇಕರಿಯಿಂದ ಬರುವಾಗ ಒಂದು ಓಣಿಯ ಉದ್ದಕ್ಕೂ ದಾರಕ್ಕೆ ಬಿಳಿ ಬಾವುಟ ಪೋಣಿಸಿ ಕಟ್ಟಿದ್ದರು. ಯಾವ ಹಬ್ಬ ಎಂದು ಕೇಳಿದೆ. ಸಾವು ಎಂದಳು. ಅವರಲ್ಲಿ ಸಾವಿನ ಮನೆಗೆ ದಾರಿ ತೋರಿಸಲು ಬಿಳಿ ಬಾವುಟ ಕಟ್ಟುತ್ತಾರೆ. ನಮ್ಮಲ್ಲಿ ಸಾವಿನ ಮನೆಗೆ ಗುರುತು ಎಂದರೆ ಬಾಗಿಲಲ್ಲಿ ರಂಗೋಲಿ ಇಲ್ಲದಿರುವುದು. ಆಮೇಲೆ ನೋಡುತ್ತ ಬಂದರೆ ಎರಡು ಮೂರು ಓಣಿಗೊಂದರಲ್ಲಿ ಬಾವುಟ ಇತ್ತು.

ಸುನಿಲನಿಗೆ ಹೇಳಿದೆ. ಅವನಿಗೆ ಸಾವಿನ ಕೆಲಸ ಗೊತ್ತಿತ್ತು. ಉತ್ತರದಲ್ಲಿ ಅವನನ್ನು ಹೆಣದ ಪೆಟ್ಟಿಗೆಗೆ ಮೊಳೆ ಹೊಡೆಯಲು ಹಾಕಿದ್ದರಂತೆ.

"ನನ್ ಮಗುನ್ನ ಸುಟ್ಟಿದ್ದೆಲ್ಲಿ ಅಂತ ಓಗಿ ನೋಡ್ಬೌದಾ?" ಎಂದೆ.

"ಅಲ್ಲಿಗೆ ಈಗ ರಸ್ತೆಯೇ ಇಲ್ಲ ಅಮ್ಮಾ. ಇದ್ದರೂ ಒಂದೇ ಜಾಗ ಅಂತ ಇರೋದಿಲ್ಲ."

"ನೀ ಮೊಳೆ ಒಡ್ದ ಪೆಟ್ಟಿಗೇಲಿ ಪೂರ್ತಿ ಹೆಣ ಇರ್ತಿತ್ತಾ?"

"ಎಲ್ಲದರಲ್ಲೂ ಇರ್ತಿರಲಿಲ್ಲ."

ನನಗೆ ಬೇಕಾದದ್ದು ತಿಳಿಯಿತು. ಮತ್ತೆ ಅದರ ಮಾತು ಎತ್ತಲಿಲ್ಲ.

ಸಿನಿಮಾದ ಕೊನೆಗೆ ಜಗಳ ಆಯಿತು. ಆರೂ ಚುಕ್ಕಿ ಹೋಗಿ ತಾಯಿ ಒಂದೇ ಉಳಿಯುತ್ತದೆ. ಆರೂ ವಾಪಸು ಬರಬೇಕು, ಎಳೆ ಕೂಡಬೇಕು ಎಂದಳು ನೀಲಾಂತಿ. ಸತ್ತವರು ಬರಾಕಿಲ್ಲ, ಸುಳ್ ತೋರ್ಸಾದಾದ್ರೆ ನಾ ಕೈ ಇಡಾಕಿಲ್ಲ ಎಂದೆ ನಾನು. ಸುನಿಲ ನಡುವೆ ಬಂದ. "ಒಬ್ಬ ಬರಲಿ ಅಮ್ಮಾ. ನಾನು ಬಂದಿದ್ದೀನಲ್ಲ, ಅದು ಸುಳ್ಳಲ್ಲವಲ್ಲ."

ಅದು ಸುಳ್ಳಲ್ಲ. ಒಪ್ಪಿದೆ. ಎರಡು ದಿನ ಕೂತು ಅವನ ಚುಕ್ಕಿ ಇಟ್ಟು, ಎಳೆಯನ್ನು ಅದರ ಸುತ್ತ ತಂದು ತಾಯಿಗೆ ಕೂಡಿಸಿದೆ. ಗುಂಡಿ ಒತ್ತಿದವನು ಅವನೇ.

ಮುಂಬಾಗಿಲು

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಆ ಬಾವುಟ ನೋಡಿ ಬಂದ ಮೇಲೆ ಮುಂಬಾಗಿಲು ನನ್ನನ್ನು ಕಾಡತೊಡಗಿತು. ಒಳಗೆ ಬದುಕಿರುವ ಹುಡುಗ, ಹೊರಗೆ ಸಾವಿನ ಮನೆಯ ಹಾಗೆ ಬೋಳು ಹೊಸಿಲು. ಇದು ಅವನಿಗೆ ಒಳ್ಳೆಯದಲ್ಲ ಎನಿಸಿತು. ಬೆಳಕು ಹರಿಯುವಾಗ, ಅವರಿಬ್ಬರೂ ಮಲಗಿದ್ದಾಗ, ಚಿಲಕ ತೆಗೆದು ಹೊಸಿಲು ಸಾರಿಸಿ ನಾಲ್ಕು ಚುಕ್ಕಿಯ ಚಿಕ್ಕದೊಂದು ಹಾಕಿ ಒಳಗೆ ಬಂದೆ. ನಿಮಿಷದ ಕೆಲಸ. ಒಂದು ದಿನ ಹಾಕಿದರೆ ಮಾರನೆಯ ದಿನ ಹಳೆಯದನ್ನು ಬಿಡುವಂತಿಲ್ಲ, ಒರೆಸಿ ಹೊಸದು ಹಾಕಬೇಕು. ಹೀಗೆ ಮೂರು ಬೆಳಿಗ್ಗೆ ಹಾಕಿದೆ. ನೀಲಾಂತಿ ಹೇಳಿದ್ದು ನನಗೆ ಮರೆತಿರಲಿಲ್ಲ. ಇಷ್ಟು ಚಿಕ್ಕದು ಯಾರಿಗೆ ಕಾಣುತ್ತದೆ ಎಂದುಕೊಂಡೆ.

ಮೂರನೆಯ ದಿನ ಹತ್ತು ಗಂಟೆಗೆ ಮುಂಬಾಗಿಲು ಬಡಿದರು. ಆರು ಜನ ಸಿಪಾಯಿಗಳು, ಒಬ್ಬ ಅಧಿಕಾರಿ. ಸುನಿಲ ಬೀರುವಿನ ಹಿಂದಿನ ಕೋಣೆಗೆ ಹೋದ. ಅಧಿಕಾರಿ ಹೊಸಿಲ ಕಡೆ ಬೆರಳು ತೋರಿಸಿ ಏನೋ ಕೇಳಿದ. ನೀಲಾಂತಿ ಬಗ್ಗಿ ನೋಡಿದಳು.

"ಅಜ್ಜಿ, ಇದನ್ನ ನೀವು ಹಾಕಿದ್ರಾ?"

"ನಾನೇ ಆಕ್ದೆ."

"ಬೀಗ ಹಾಕಿದ ಮನೆಯಲ್ಲಿ ತಮಿಳರು ಸೇರಿಕೊಂಡಿದ್ದಾರೆ ಅಂತ ಯಾರೋ ಹೇಳಿದ್ದಾರೆ."

ನನ್ನ ಪಾಸ್‌ಪೋರ್ಟು ನೋಡಿದರು. ಇಂಡಿಯಾದ ಮುದುಕಿ ಎಂದು ಗೊತ್ತಾದ ಮೇಲೆ ಅಧಿಕಾರಿ ಹೊರಡುವವನೇ ಇದ್ದ. ಒಬ್ಬ ಸಿಪಾಯಿ ಲೆಕ್ಕಕ್ಕೆಂದು ಬೀರು ಸರಿಸಿದ. ಸುನಿಲ ಗೋಡೆಗೆ ಒರಗಿ ಕೂತಿದ್ದ. ಅಡಿಗೆಯವನು, ನೆಂಟ, ಏನು ಬೇಕಾದರೂ ಹೇಳಬಹುದಿತ್ತು. ಆದರೆ ಅಧಿಕಾರಿಯ ಟೊಪ್ಪಿ ಕಂಡದ್ದೇ ಅವನು ಎದ್ದು ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಕೈ ಕೆಳಗೆ ಬಿಗಿದು ನಿಂತುಬಿಟ್ಟ. ನನ್ನ ಕೈ ನನ್ನ ಮಾತು ಕೇಳಲಿಲ್ಲ, ಅವನ ಕಾಲು ಅವನ ಮಾತು ಕೇಳಲಿಲ್ಲ. ಅಧಿಕಾರಿ ಬಹಳ ಮೆತ್ತಗೆ ಒಂದು ಮಾತು ಕೇಳಿದ. ಯಾವ ದಳ ಎಂದು ಕೇಳಿದನಂತೆ. ಸುನಿಲ ಹೇಳಿದ.

ಕ್ಯಾಮೆರಾ ತೆಗೆದುಕೊಂಡರು. ಕೊನೆಯ ಭಾಗದ ಫಿಲಂ ಅದರೊಳಗೇ ಇತ್ತು. ಅದಕ್ಕೆ ಮುಂಚಿನ ಸುರುಳಿಗಳನ್ನು, ನಾನು ಊರಿಗೆ ಒಯ್ಯಲಿ ಎಂದು, ನೀಲಾಂತಿ ಚಿಕ್ಕ ಡಬ್ಬಿಗಳಲ್ಲಿ ಮುಚ್ಚಿ ನನ್ನ ರಂಗೋಲಿ ಪುಡಿಯೊಳಗೆ ಹುಗಿದಿದ್ದಳು. ಸಿಪಾಯಿ ಡಬ್ಬ ತೆಗೆದ, ಪುಡಿ ನೋಡಿದ, ಮುಚ್ಚಿದ. ಅಕ್ಕ ತಮ್ಮ ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ಸುನಿಲ ಹೊಸಿಲು ದಾಟುವಾಗ ರಂಗೋಲಿ ತುಳಿಯದೆ ಪಕ್ಕಕ್ಕೆ ಕಾಲಿಟ್ಟ. ತುಳಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎರಡು ದಿನ ನಾನೊಬ್ಬಳೇ ಇದ್ದೆ. ಪಕ್ಕದ ಮನೆಯ ಹೆಂಗಸು, ನನ್ನ ವಯಸ್ಸಿನವಳು, ಗೋಡೆಯ ಮೇಲಿಂದ ಅನ್ನದ ತಟ್ಟೆ ಕೊಟ್ಟಳು. ಸಿಪಾಯಿಗಳಿಗೆ ಸುದ್ದಿ ಕೊಟ್ಟವಳು ಅವಳೇ ಇರಬಹುದು, ಇಲ್ಲದಿರಬಹುದು. ಅನ್ನ ಉಂಡೆ.

ಮೂರನೆಯ ದಿನ ನೀಲಾಂತಿ ಒಬ್ಬಳೇ ಬಂದಳು. ನಡೆಯುವುದು ನಿಧಾನವಾಗಿತ್ತು. ನನ್ನನ್ನು ಬಯ್ಯಲಿಲ್ಲ. ಬಯ್ಯಲಿ ಎಂದು ಕಾದೆ. ನನ್ನ ಸೀರೆ ಮಡಿಸಿ ಚೀಲಕ್ಕಿಟ್ಟಳು, ಡಬ್ಬವನ್ನು ಮೇಲಿಟ್ಟಳು. ವಿಮಾನ ನಿಲ್ದಾಣದವರೆಗೆ ಬಂದಳು. ಬಾಗಿಲಲ್ಲಿ ಒಂದೇ ಮಾತು ಆಡಿದಳು. "ಮದ್ರಾಸಿನಲ್ಲಿ ಮಂಗಳಾ ಕಾಯ್ತಿರ್ತಾಳೆ."

ಮತ್ತೆ ಬೇಗೂರು

ಮದ್ರಾಸಿನಲ್ಲೇ ಫಿಲಂ ತೊಳೆಸಿಕೊಂಡು ಬಂದೆವು. ಚಾಮರಾಜನಗರದಲ್ಲಿ ಮಂಗಳಾ ಪರಿಚಯದವರ ಮಾಳಿಗೆ ಮೇಲೆ, ಕಿಟಕಿಗೆ ಕಂಬಳಿ ಹೊದಿಸಿ, ಇಪ್ಪತ್ತು ಜನಕ್ಕೆ ತೋರಿಸಿದಳು. ಇಲ್ಲಿ ಕದ್ದು ತೋರಿಸಬೇಕಾದ್ದು ಏನೂ ಇರಲಿಲ್ಲ, ಬೆಳಕು ಬರಬಾರದು ಅಷ್ಟೆ. ಚುಕ್ಕಿಗಳು ಒಂದೊಂದಾಗಿ ಹೋದವು. ತಾಯಿ ಒಂದೇ ಉಳಿದು ಪರದೆ ಬೆಳ್ಳಗಾಯಿತು. ಜನ ಕೂತೇ ಇದ್ದರು. ಭೀಮನಬೀಡಿನ ಒಬ್ಬಳು, ಗಂಡ ಸೈನ್ಯದಲ್ಲಿರುವವಳು, "ಅಷ್ಟೇನಾ? ಒಬ್ನಾದ್ರೂ ಬರಾಕಿಲ್ವಾ ಅಜ್ಜಿ?" ಎಂದಳು. ಒಬ್ಬ ಬಂದಿದ್ದ ಎಂದೆ. ನಡೆದದ್ದನ್ನು ಹೇಳಿದೆ. ಅವಳು ಮತ್ತೆ ನನ್ನ ಕಡೆ ನೋಡಲಿಲ್ಲ.

ಆರು ತಿಂಗಳಿಗೆ ನೀಲಾಂತಿಯ ಕಾಗದ ಬಂತು. ಸುನಿಲನನ್ನು ಜೈಲಿನಿಂದ ಬಿಟ್ಟು ಮತ್ತೆ ಉತ್ತರಕ್ಕೆ ಕಳಿಸಿದ್ದಾರೆ, ಅವನು ಹೋದ ಕಡೆ ಈಗ ಯುದ್ಧ ಜೋರಾಗಿ ನಡೆಯುತ್ತಿದೆ, ಅವನಿಂದ ಕಾಗದವಿಲ್ಲ. ಕೊನೆಯ ಭಾಗವನ್ನು ನೀವೇ ಇನ್ನೊಮ್ಮೆ ಹಾಕಿ ಮುಗಿಸಿ ಕಳಿಸಿ. ನಿಮಗೆ ಗೊತ್ತಿರಲಿಲ್ಲ, ತಪ್ಪು ನಿಮ್ಮದಲ್ಲ.

ಮಂಗಳಾ ತಾನು ಓದಿದ ಕಾಲೇಜಿನಿಂದ ಕ್ಯಾಮೆರಾ ತಂದು ನಡುಮನೆಯಲ್ಲಿ ಸ್ಟೂಲಿಗೆ ಕಟ್ಟಿದಳು. ಕಪ್ಪು ಹಲಗೆ ಇಟ್ಟಳು. ನಾನು ತಾಯಿಯ ಚುಕ್ಕಿ ಇಟ್ಟೆ, ಮುರಿದ ಎಳೆಯನ್ನು ಅಲ್ಲಿದ್ದ ಹಾಗೇ ಎಳೆದೆ. ಅವಳು ಗುಂಡಿಯ ಮೇಲೆ ಬೆರಳಿಟ್ಟು ಕಾದಳು.

"ಇಡಜ್ಜಿ."

"ಇಡಾಕಿಲ್ಲ."

"ಇದು ಸಿನಿಮಾ ಕಣಜ್ಜಿ, ನಿಜ ಅಲ್ವಲ್ಲ."

"ಅವುನ್ನ ಸಿಪಾಯ್ಗಳ್ಗೆ ಇಡ್ಕೊಟ್ಟೋಳೂ ನಾನೇ, ಬಂದ ಅಂತ ತೋರ್ಸಾದೂ ನಾನೇನಾ? ನಿಲ್ಸು ಇಷ್ಟಕ್ಕೆ."

ನಿಲ್ಲಿಸಿದಳು. ನೀಲಾಂತಿಗೆ ನಾನೇ ಕಾಗದ ಬರೆದೆ. ಗೊತ್ತಿರಲಿಲ್ಲ ಅನ್ನಬೇಡ, ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಅವನ ಸುದ್ದಿ ಬಂದ ಮೇಲೆ ತಿಳಿಸು. ಇಷ್ಟೇ ಬರೆದೆ.

ಸತ್ತ ಎಂದು ಬಂದರೆ ಸಿನಿಮಾ ಈಗಿರುವ ಹಾಗೇ ಇರುತ್ತದೆ. ಬದುಕಿದ್ದಾನೆ ಎಂದು ಬಂದರೆ ಒಂದು ಚಿಟಿಕೆ ಪುಡಿಯ ಕೆಲಸ. ಒಂದು ವರ್ಷ ದಾಟಿತು, ಎರಡರಲ್ಲಿ ಯಾವುದೂ ಬಂದಿಲ್ಲ.